ನರ ಒತ್ತಿದೆ ಅಂತಾರೆ, ನರ ಕಂಡಿದ್ದು ಯಾವಾಗ?

ಇದು ಈ ವಾರದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಇಟ್ಟಿದ್ದೀನಿ. ಓದುವಾಗ ಬೇಕಾಗುವ ಇಸವಿ, ಅಂಕಿಗಳನ್ನು ಮಾತ್ರ ಒಂದಿಷ್ಟು ಹೆಚ್ಚಾಗಿ ಸೇರಿಸಿದ್ದೀನಿ.

ಪುಣೆಯ ಹಿಂಜೆವಾಡಿಯಲ್ಲಿರಲಿ, ಹೈದರಾಬಾದಿನ ಗಚ್ಚಿಬೌಲಿಯಲ್ಲಿರಲಿ, ಚೆನ್ನೈನ ಓಎಂಆರ್‌ನಲ್ಲಿರಲಿ, ಹತ್ತು ವರ್ಷ ಕುರ್ಚಿಯಲ್ಲಿ ಕೂತು ಕೋಡ್ ಬರೆದವರ ಎಷ್ಟೋ ಮನೆಗಳಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಇರುತ್ತೆ. ಅದರೊಳಗೆ ಬೆನ್ನಿನ ಎಂಆರ್‌ಐ ಫಿಲ್ಮು, ಜೊತೆಗೆ ಎರಡು ಪುಟದ ವರದಿ. ವರದಿಯಲ್ಲಿ ಹೆಚ್ಚುಕಡಿಮೆ ಒಂದೇ ಸುದ್ದಿ: ಎಲ್4-ಎಲ್5 ಡಿಸ್ಕ್ ಬಲ್ಜ್, ಥೀಕಲ್ ಸ್ಯಾಕ್ ಇಂಡೆಂಟ್ ಆಗಿದೆ, ನರ್ವ್ ರೂಟ್ ಕಂಪ್ರೆಷನ್ ಇದೆ. ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ ಅರ್ಧ ಗಂಟೆಯಲ್ಲಿ ಧಾರವಾಡದ ಕಾಕಾ ಆಪರೇಷನ್ ಬ್ಯಾಡ ಅಂತಾರೆ, ಮೈಸೂರಿನ ಅತ್ತೆ ಎಣ್ಣೆ ಕಳಿಸ್ತೀನಿ ಅಂತಾರೆ, ಆಫೀಸಿನ ಗೆಳೆಯ ತನ್ನ ಸರ್ಜನ್ ನಂಬರ್ ಫಾರ್ವರ್ಡ್ ಮಾಡ್ತಾನೆ.

ಆ ವಾಕ್ಯವನ್ನ ಇನ್ನೊಂದು ಸಲ ನಿಧಾನವಾಗಿ ಓದಿ ನೋಡಿ. ಡಿಸ್ಕಿನ ಸುದ್ದಿ ಇದೆ. ಜಾಗ ಎಷ್ಟು ಇಕ್ಕಟ್ಟಾಗಿದೆ ಅನ್ನೋ ಸುದ್ದಿ ಇದೆ. ನರದ ಸುದ್ದಿ ಎಲ್ಲಿದೆ? ಒತ್ತಡಕ್ಕೆ ಸಿಕ್ಕ ನರ ಬರೀ ಜೋಮು ಹಿಡಿದು ಕೂತಿದೆಯೋ, ಒಳಗಿನ ಎಳೆಗಳು ಹರಿದಿವೆಯೋ, ಚೇತರಿಸಿಕೊಳ್ಳೋಕೆ ಶುರು ಮಾಡಿದೆಯೋ, ಇದರ ಬಗ್ಗೆ ಆ ವರದಿ ಬಹುತೇಕ ಬಾಯಿ ಬಿಡೋದಿಲ್ಲ. ಅದು ವರದಿ ಬರೆದವರ ತಪ್ಪಲ್ಲ. ಒತ್ತುವ ವಸ್ತುವಿನ ಚಿತ್ರ ತೆಗೆಯೋದನ್ನ ವೈದ್ಯಶಾಸ್ತ್ರ ಮೊದಲು ಕಲಿತುಕೊಂಡಿತು. ಒತ್ತಿಸಿಕೊಂಡ ನರದ ಚಿತ್ರ ತೆಗೆಯೋದನ್ನ ಕಲಿತದ್ದು ತುಂಬಾ ತಡವಾಗಿ. ಆ ತಡ ಯಾಕಾಯ್ತು, ಈಗಲೂ ಎಷ್ಟು ಬಾಕಿ ಇದೆ ಅನ್ನೋದೇ ಇವತ್ತಿನ ಕಥೆ.

1850ರಿಂದ ಶುರು ಮಾಡೋಣ. ಆ ವರ್ಷ ಯುರೋಪಿನ ಎರಡು ಊರುಗಳಲ್ಲಿ ಇಬ್ಬರು ಕಪ್ಪೆಗಳನ್ನು ಇಟ್ಟುಕೊಂಡು ಕೂತಿದ್ದರು. ಲಂಡನ್ನಿನಲ್ಲಿ ಆಗಸ್ಟಸ್ ವಾಲರ್ ಅನ್ನೋ ವೈದ್ಯರು ಕಪ್ಪೆಯ ನಾಲಿಗೆಗೆ ಹೋಗುವ ನರವನ್ನು ಕತ್ತರಿಸಿ, ಆಮೇಲೆ ಏನಾಗುತ್ತೆ ಅಂತ ದಿನಾ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕತ್ತರಿಸಿದ ಜಾಗದಿಂದ ಆಚೆಗಿನ ಎಳೆಗಳು ತುಂಡುತುಂಡಾಗಿ ಒಡೆದು ಕರಗಿಹೋಗ್ತಿದ್ದವು. ಈಚೆಗಿನ ಭಾಗ ಉಳಿದುಕೊಳ್ತಿತ್ತು. ಇವತ್ತಿಗೂ ಇದಕ್ಕೆ ವಾಲೀರಿಯನ್ ಡೀಜನರೇಷನ್ ಅಂತಲೇ ಹೆಸರು. ಇನ್ನೊಂದು ಕಡೆ, ಆಗ ಪ್ರಷ್ಯಾಕ್ಕೆ ಸೇರಿದ್ದ ಕೋನಿಗ್ಸ್‌ಬರ್ಗ್‌ನಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತ ಎಷ್ಟು ಜೋರಾಗಿ ಓಡುತ್ತೆ ಅಂತ ಅಳೆದರು. ಇದನ್ನು ಯಾವತ್ತೂ ಅಳೆಯೋಕೆ ಆಗಲ್ಲ ಅಂತ ಅವರ ಗುರು ಯೋಹಾನ್ನೆಸ್ ಮುಲ್ಲರ್ ನಂಬಿದ್ದರು. ಅಳತೆ ಬಂದಿದ್ದು ಸೆಕೆಂಡಿಗೆ 30 ಮೀಟರಿನ ಆಸುಪಾಸು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಬ್ಬರು ಕೇಬಲ್ ಬಿಚ್ಚಿ ನೋಡಿದರು, ಇನ್ನೊಬ್ಬರು ಲೇಟೆನ್ಸಿ ಅಳೆದರು. ಮುಂದಿನ ನೂರೈವತ್ತು ವರ್ಷ ನರದ ವೈದ್ಯರು ಈ ಎರಡು ದಾರಿಗಳ ನಡುವೆಯೇ ಓಡಾಡಿದ್ದಾರೆ. ಕೇಬಲ್ ನೋಡಬೇಕಾದರೆ ಕತ್ತರಿಸಬೇಕಿತ್ತು. ಬದುಕಿರೋ ಮನುಷ್ಯನಲ್ಲಿ ಅದು ಆಗದ ಮಾತು.

ಒತ್ತಡದಿಂದಲೇ ನರ ಕೆಡುತ್ತೆ ಅನ್ನೋದಕ್ಕೆ ಒಂದು ಒಳ್ಳೆಯ ಹಳೆಯ ಉದಾಹರಣೆ ಲಂಡನ್ನಿನ ಸರ್ಜನ್ ಜೇಮ್ಸ್ ಪ್ಯಾಜೆಟ್ ಅವರ ಉಪನ್ಯಾಸಗಳಲ್ಲಿ ಸಿಗುತ್ತೆ. 1850ರ ದಶಕದ ಪುಸ್ತಕ. ಒಬ್ಬ ಮನುಷ್ಯನಿಗೆ ಮಣಿಕಟ್ಟಿನ ಮೂಳೆ ಮುರಿದು, ಕೂಡುವಾಗ ಅತಿಯಾಗಿ ಬೆಳೆದು, ಮೀಡಿಯನ್ ನರವನ್ನು ಒತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹುಣ್ಣು. ಯಾವ ಮದ್ದಿಗೂ ಒಣಗಲಿಲ್ಲ. ಕೊನೆಗೆ ನರಕ್ಕೆ ಸಡಿಲ ಸಿಗೋ ಹಾಗೆ ಮಣಿಕಟ್ಟನ್ನು ಬಗ್ಗಿಸಿ ಕಟ್ಟಿದರು, ಹುಣ್ಣು ಮಾಯಿತು. ಕಟ್ಟು ಬಿಚ್ಚಿ ಕೈ ಬಳಸೋಕೆ ಬಿಟ್ಟರು, ಹುಣ್ಣು ವಾಪಸ್ ಬಂತು. ಒಂದು ಪ್ರಯೋಗಕ್ಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ. ಎಕ್ಸ್‌ರೇ ಇಲ್ಲ, ಸ್ಕ್ಯಾನ್ ಇಲ್ಲ, ಒಂದು ಬಟ್ಟೆಪಟ್ಟಿ ಮಾತ್ರ.

ನೂರಾ ಮೂವತ್ತು ವರ್ಷ ಆದಮೇಲೆ, 1981ರಲ್ಲಿ, ಅಮೆರಿಕದ ಗೆಲ್ಬರ್ಮನ್ ಮತ್ತು ಸಂಗಡಿಗರು ಅದೇ ಮಣಿಕಟ್ಟಿನೊಳಗೆ ಸಣ್ಣ ಕೊಳವೆ ತೂರಿಸಿ ಒತ್ತಡವನ್ನು ಅಂಕಿಯಲ್ಲಿ ಬರೆದರು. ಆರೋಗ್ಯವಂತರಲ್ಲಿ ಕೈ ನೇರವಾಗಿದ್ದಾಗ ಸರಾಸರಿ 2.5 ಮಿಲಿಮೀಟರ್ ಪಾದರಸ. ಕಾರ್ಪಲ್ ಟನಲ್ ತೊಂದರೆ ಇರುವವರಲ್ಲಿ 32. ಕೈ ಬಗ್ಗಿಸಿದರೆ, ಹಿಂದಕ್ಕೆ ಮಡಿಚಿದರೆ ಅದು ಇನ್ನೂ ಎಷ್ಟೋ ಪಟ್ಟು ಏರುತ್ತೆ. ರಾತ್ರಿ ಕೈ ಮಡಚಿಕೊಂಡು ಮಲಗಿದವರು ಜುಮ್ ಅಂತ ಎದ್ದು ಕೈ ಕೊಡವಿಕೊಳ್ಳೋದು ಇದಕ್ಕೇ. ಕೀಬೋರ್ಡ್ ಕುಟ್ಟೋದರಿಂದಲೇ ಇದು ಬರುತ್ತೆ ಅಂತ ನಮ್ಮ ಆಫೀಸುಗಳಲ್ಲಿ ಗಟ್ಟಿ ನಂಬಿಕೆ ಇದೆ. ಡೆನ್ಮಾರ್ಕಿನಲ್ಲಿ ಸಾವಿರಾರು ಕಂಪ್ಯೂಟರ್ ಕೆಲಸಗಾರರನ್ನು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಂಥ ದೊಡ್ಡ ಅಪಾಯವೇನೂ ಕಾಣಲಿಲ್ಲ. ಆದ್ದರಿಂದ ಬೈಗುಳವನ್ನೆಲ್ಲ ಲ್ಯಾಪ್‌ಟಾಪ್ ಮೇಲೇ ಹಾಕೋದು ಬೇಡ.

ನರ ಕೆಟ್ಟರೆ ಮುಂದೇನಾಗುತ್ತೆ ಅನ್ನೋದನ್ನು ಕಲಿಸಿದ್ದು ಯುದ್ಧಗಳು. ಅಮೆರಿಕದ ಅಂತರ್ಯುದ್ಧದಲ್ಲಿ ಫಿಲಡೆಲ್ಫಿಯಾದ ಸೈಲಸ್ ವೀರ್ ಮಿಚೆಲ್ ಗುಂಡು ತಗುಲಿದ ನರಗಳ ಬಗ್ಗೆ ಬರೆದರು. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಫ್ರಾನ್ಸಿನ ಜ್ಯೂಲ್ಸ್ ಟಿನೆಲ್ ಒಂದು ಸರಳ ಉಪಾಯ ಪ್ರಕಟಿಸಿದರು. ಗಾಯವಾದ ನರದ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಎಲ್ಲಿ ತಟ್ಟಿದಾಗ ಆ ನರಕ್ಕೆ ಸೇರಿದ ಚರ್ಮದಲ್ಲಿ ಜುಮ್ ಅನ್ನುತ್ತೋ, ಅಲ್ಲಿಯ ತನಕ ಹೊಸ ಎಳೆ ಬೆಳೆದು ಬಂದಿದೆ ಅಂತ ಅರ್ಥ. ಟಿನೆಲ್ ಬಳಸಿದ ಫ್ರೆಂಚ್ ಪದದ ಬೇರು ‘ಇರುವೆ’. ನಾವೂ ಇರುವೆ ಹರಿದಂಗಾಗ್ತಿದೆ ಅಂತೀವಲ್ಲ, ಅದೇ. ತಮಾಷೆ ಏನಂದ್ರೆ ಅದೇ ವರ್ಷ, ಕೆಲವು ತಿಂಗಳು ಮೊದಲೇ, ಯುದ್ಧದ ಆಚೆ ಬದಿಯಲ್ಲಿ ಜರ್ಮನಿಯ ಪಾಲ್ ಹಾಫ್‌ಮನ್ ಕೂಡ ಇದನ್ನೇ ಬರೆದಿದ್ದರು. ಹೆಸರು ಉಳಿದದ್ದು ಟಿನೆಲ್ ಅವರದು.

ಎರಡನೇ ಮಹಾಯುದ್ಧದಲ್ಲಿ ಆಕ್ಸ್‌ಫರ್ಡಿನ ಹರ್ಬರ್ಟ್ ಸೆಡನ್ 1943ರಲ್ಲಿ ಮಾಡಿದ ವಿಂಗಡಣೆಯನ್ನು ಸ್ವಲ್ಪ ಗಮನವಿಟ್ಟು ಕೇಳಿ, ಇಡೀ ಕಥೆಯ ಕೀಲಿ ಇಲ್ಲಿದೆ. ನರದ ಪೆಟ್ಟಿನಲ್ಲಿ ಮೂರು ಬಗೆ ಅಂದರು. ಮೊದಲನೆಯದು ನ್ಯೂರಪ್ರಾಕ್ಸಿಯಾ. ಎಳೆ ಗಟ್ಟಿಯಾಗೇ ಇದೆ, ಅದರ ಮೇಲಿನ ಮಯಲಿನ್ ಹೊದಿಕೆ ಒಂದು ಜಾಗದಲ್ಲಿ ಕೆಟ್ಟಿದೆ, ಸಂಕೇತ ದಾಟುತ್ತಿಲ್ಲ. ವಾರಗಳಲ್ಲೋ ಕೆಲವು ತಿಂಗಳಲ್ಲೋ ತಾನಾಗಿಯೇ ಸರಿಹೋಗುತ್ತೆ. ಎರಡನೆಯದು ಆಕ್ಸಾನಾಟ್ಮೆಸಿಸ್. ಒಳಗಿನ ಎಳೆ ತುಂಡಾಗಿದೆ, ಹೊರಗಿನ ಕೊಳವೆ ಉಳಿದಿದೆ. ವಾಲರ್ ಕಂಡ ಹಾಗೆ ಮುಂದಿನ ಭಾಗ ಕರಗುತ್ತೆ, ಆಮೇಲೆ ಅದೇ ಕೊಳವೆಯೊಳಗೆ ಹೊಸ ಎಳೆ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಬೆಳೆಯುತ್ತೆ. ಮೂರನೆಯದು ನ್ಯೂರಾಟ್ಮೆಸಿಸ್. ಎಲ್ಲವೂ ಕಡಿದುಹೋಗಿದೆ, ಹೊಲಿಯದೆ ಗತಿಯಿಲ್ಲ. 1951ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಸಂಡರ್ಲೆಂಡ್ ಇದನ್ನು ಐದು ಹಂತ ಮಾಡಿದರು.

ತೊಂದರೆ ಏನು ಅಂದ್ರೆ, ಮೊದಲ ವಾರ ಈ ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಜೋತುಬಿದ್ದ ಕೈ ಜೋತುಬಿದ್ದ ಕೈಯೇ. ಒಬ್ಬರಿಗೆ ಕಾಯಿರಿ ಅನ್ನಬೇಕು, ಇನ್ನೊಬ್ಬರಿಗೆ ಈಗಲೇ ಆಪರೇಷನ್ ಆಗಬೇಕು, ಗೊತ್ತಾಗೋದು ಹೇಗೆ? ಸೂಜಿ ಚುಚ್ಚಿ ಮಾಡುವ ಇಎಂಜಿ ಪರೀಕ್ಷೆಯಲ್ಲಿ ನರ ಸತ್ತ ಗುರುತು ಸ್ಪಷ್ಟವಾಗಿ ಕಾಣೋಕೆ ಎರಡು ಮೂರು ವಾರ ಬೇಕು. ಹೆಲ್ಮ್‌ಹೋಲ್ಟ್ಸ್ ದಾರಿ ಹಿಡಿದು ಎಡಿನ್‌ಬರೋದ ಸಿಂಪ್ಸನ್ 1956ರಲ್ಲಿ ಕಾರ್ಪಲ್ ಟನಲ್ ರೋಗಿಗಳಲ್ಲಿ ಮಣಿಕಟ್ಟಿನ ಹತ್ತಿರವೇ ಸಂಕೇತ ನಿಧಾನವಾಗೋದನ್ನ ತೋರಿಸಿದರು. ಇವತ್ತು ನಿಮಗೆ ಡಾಕ್ಟರು ಬರೆದುಕೊಡುವ ಎನ್‌ಸಿವಿ ಟೆಸ್ಟಿನ ಪೂರ್ವಜ ಅದು. ಒಳ್ಳೆಯ ಪರೀಕ್ಷೆ, ಆದರೆ ಅದರಲ್ಲಿ ಕೇಬಲ್ ಕಾಣಲ್ಲ, ಪಿಂಗ್ ಟೈಮ್ ಮಾತ್ರ ಸಿಗುತ್ತೆ.

ಈಗ ಸಮಾನಾಂತರವಾಗಿ ಓಡ್ತಿದ್ದ ಇನ್ನೊಂದು ಕಥೆಗೆ ಬರೋಣ, ಒತ್ತುವ ವಸ್ತುವಿನ ಕಥೆ. 1895ರಲ್ಲಿ ರಾಂಟ್ಜನ್ ಎಕ್ಸ್‌ರೇ ಕೊಟ್ಟರು. ಮೂಳೆ ಕಂಡಿತು. ನರ, ಡಿಸ್ಕ್, ಮಾಂಸಖಂಡ ಯಾವುದೂ ಬೇರೆಯಾಗಿ ಕಾಣಲಿಲ್ಲ. 1920ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಸಿಕಾರ್ ಮತ್ತು ಫಾರೆಸ್ಟಿಯೇ ಬೆನ್ನುಹುರಿಯ ಸುತ್ತಲಿನ ಜಾಗಕ್ಕೆ ಲಿಪಿಯೋಡಾಲ್ ಅನ್ನೋ ಎಣ್ಣೆ ಬಿಟ್ಟು ಎಕ್ಸ್‌ರೇ ತೆಗೆದರು. ಅದು ಅಯೋಡಿನ್ ಬೆರೆಸಿದ ಗಸಗಸೆ ಎಣ್ಣೆ. ಹೌದು, ನಾವು ಪಾಯಸ ಮಾಡುವ ಅದೇ ಗಸಗಸೆ. ಎಣ್ಣೆ ಎಲ್ಲಿ ಇಳಿಯದೆ ನಿಲ್ಲುತ್ತೋ ಅಲ್ಲಿ ಏನೋ ಅಡ್ಡ ಇದೆ ಅಂತ ಲೆಕ್ಕ. ಆಮೇಲೆ ಬಂದ ಎಣ್ಣೆಯಂಥ ದ್ರವಗಳನ್ನು ಚಿತ್ರ ಮುಗಿದ ಮೇಲೆ ಸೂಜಿಯಿಂದ ವಾಪಸ್ ಎಳೆದು ತೆಗೀಬೇಕಿತ್ತು. ಉಳಿದುಹೋದರೆ ಕೆಲವರಿಗೆ ಒಳಪೊರೆಯಲ್ಲಿ ಉರಿಯೂತ ಬಂದು ವರ್ಷಗಟ್ಟಲೆ ನೋವು.

1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಒಂದು ಪ್ರಬಂಧ ಬರೆದರು. ಬೆನ್ನಿನ ನರವನ್ನು ಒತ್ತುತ್ತಿದ್ದ ಗಂಟುಗಳನ್ನು ಅದುವರೆಗೆ ಗೆಡ್ಡೆ ಅಂದುಕೊಂಡಿದ್ದರು. ಇವರು ಅವನ್ನು ಪರೀಕ್ಷಿಸಿ, ಇವು ಗೆಡ್ಡೆಯಲ್ಲ, ಹೊರಗೆ ತಳ್ಳಿಕೊಂಡು ಬಂದ ಡಿಸ್ಕಿನ ತುಣುಕು ಅಂದರು. ಸಯಾಟಿಕಾ ಅನ್ನೋ ಕಾಲಿನ ನೋವಿಗೆ ಒಂದು ಕೈಗೆ ಸಿಗುವ ಕಾರಣ ಸಿಕ್ಕಿತು, ತೆಗೆದುಹಾಕಬಹುದಾದ ಕಾರಣ. ಇದು ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಇಲ್ಲಿಂದಲೇ ಒಂದು ಚಟವೂ ಶುರುವಾಯ್ತು. ನೋವು ಅಂದರೆ ಡಿಸ್ಕ್, ಡಿಸ್ಕ್ ಅಂದರೆ ಒತ್ತಡ, ಒತ್ತಡ ತೆಗೆದರೆ ಗುಣ. ನಡುವೆ ಇರುವ ನರ ಬರೀ ದಾರದ ಹಾಗೆ, ಅದಕ್ಕೆ ತನ್ನದೇ ಒಂದು ಸ್ಥಿತಿ ಇದೆ ಅನ್ನೋದು ಮರೆತೇಹೋದಂತಾಯ್ತು.

ಮರೆಯದಿದ್ದವರೂ ಇದ್ದರು. 1972ರಲ್ಲಿ ಲಂಡನ್ನಿನ ಒಚೋವ, ಫೌಲರ್ ಮತ್ತು ಗಿಲಿಯಟ್ ಬಬೂನ್ ಕೋತಿಗಳ ಕಾಲಿಗೆ ರಕ್ತದೊತ್ತಡದ ಪಟ್ಟಿಯಂಥದ್ದನ್ನು ಬಿಗಿದು, ಆಮೇಲೆ ನರದ ಒಂದೊಂದೇ ಎಳೆಯನ್ನು ಬಿಡಿಸಿ ನೋಡಿದರು. ಪೆಟ್ಟು ಹೆಚ್ಚಾಗಿದ್ದದ್ದು ಪಟ್ಟಿಯ ನಡುವಿನ ಕೆಳಗಲ್ಲ, ಪಟ್ಟಿಯ ಎರಡು ಅಂಚುಗಳ ಕೆಳಗೆ. ಟೂತ್‌ಪೇಸ್ಟ್ ಟ್ಯೂಬನ್ನು ಮಧ್ಯೆ ಹಿಂಡಿದರೆ ಪೇಸ್ಟು ಎರಡೂ ಕಡೆ ಸರಿಯುತ್ತಲ್ಲ, ಹಾಗೆ ಎಳೆಯ ಒಳಗಿನದ್ದು ಅಂಚಿನ ಕಡೆ ಸರಿದು, ಮಯಲಿನ್ ಹೊದಿಕೆಯ ಒಂದು ತುಂಡು ಪಕ್ಕದ ತುಂಡಿನೊಳಗೆ ತೂರಿಕೊಂಡಿತ್ತು. ಒತ್ತಡ ಅಂದರೆ ಏನು ಅನ್ನೋದಕ್ಕೆ ಇಷ್ಟು ಸ್ಪಷ್ಟ ಚಿತ್ರ ಹಿಂದೆ ಇರಲಿಲ್ಲ. ಆದರೆ ನೋಡಿ, ಮತ್ತೆ ಅದೇ ಕಥೆ. ಕೇಬಲ್ ನೋಡೋಕೆ ಪ್ರಾಣಿಯನ್ನು ಕೊಲ್ಲಲೇಬೇಕಿತ್ತು.

ಕತ್ತರಿಸದೆ ನೋಡುವ ದಾರಿ ಬಂದದ್ದು ವೈದ್ಯರಿಂದಲ್ಲ, ಭೌತಶಾಸ್ತ್ರದವರಿಂದ. 1946ರಲ್ಲಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್, ಬೇರೆ ಬೇರೆಯಾಗಿ, ದ್ರವ ಮತ್ತು ಘನ ವಸ್ತುಗಳಲ್ಲಿ ಪರಮಾಣು ಬೀಜದ ಕಾಂತೀಯ ಅನುರಣನವನ್ನು ಹಿಡಿದರು. ಎನ್‌ಎಂಆರ್ ಅಂತ ಕರೆಯೋದು ಅದನ್ನೇ. ಬಲವಾದ ಅಯಸ್ಕಾಂತದೊಳಗೆ ನೀರಿಟ್ಟು, ಸರಿಯಾದ ರೇಡಿಯೋ ಅಲೆ ಕೊಟ್ಟರೆ, ನೀರಿನ ಹೈಡ್ರೋಜನ್ ಬೀಜಗಳು ಪ್ರತಿಧ್ವನಿ ಕೊಡುತ್ತವೆ. ದೇಹದಲ್ಲಿ ನೀರಿಗೇನು ಕೊರತೆ?

ಇಲ್ಲಿ ನಮ್ಮ ಊರಿನ ಒಂದು ಹೆಸರು ಬರುತ್ತೆ, ಬೆಂಗಳೂರಿನವರಿಗೇ ಹೆಚ್ಚು ಗೊತ್ತಿಲ್ಲದ ಹೆಸರು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅನ್ನುವವರು 1951ರಲ್ಲಿ ಹರಿಯುವ ದ್ರವದ ಎನ್‌ಎಂಆರ್ ಬಗ್ಗೆ ಒಂದು ಸಣ್ಣ ಪ್ರಬಂಧ ಬರೆದರು. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ನಿಂತ ದ್ರವಕ್ಕೆ ರೇಡಿಯೋ ಅಲೆ ಕೊಡುತ್ತಲೇ ಇದ್ದರೆ ಅದರ ಬೀಜಗಳು ಬೇಗ ದಣಿಯುತ್ತವೆ, ಸಂಕೇತ ಕುಗ್ಗುತ್ತೆ. ದ್ರವ ಹರಿಯುತ್ತಿದ್ದರೆ ದಣಿಯದ ಹೊಸ ಬೀಜಗಳು ಒಳಗೆ ಬರ್ತಾನೇ ಇರುತ್ತವೆ, ಸಂಕೇತ ಬದಲಾಗುತ್ತೆ. ಅಂದರೆ ಈ ವಿಧಾನದಿಂದ ನೀರು ಇದೆ ಅನ್ನೋದಷ್ಟೇ ಅಲ್ಲ, ಚಲಿಸ್ತಾ ಇದೆ ಅನ್ನೋದೂ ತಿಳಿಯುತ್ತೆ. ಎಂಆರ್‌ನಲ್ಲಿ ಹರಿವನ್ನು ಅಳೆಯುವ ಚರಿತ್ರೆ ಬರೆಯುವ ವಿದೇಶಿ ಲೇಖಕರು ಇವತ್ತಿಗೂ ಶುರು ಮಾಡೋದು ಈ ಬೆಂಗಳೂರಿನ ಪ್ರಬಂಧದಿಂದ. ಅದಕ್ಕೆ ಒಂದು ವರ್ಷ ಮುಂಚೆ, 1950ರಲ್ಲಿ, ಅಮೆರಿಕದ ಎರ್ವಿನ್ ಹಾನ್ ಇದಕ್ಕೆ ಹತ್ತಿರದ ಇನ್ನೊಂದು ಮಾತು ಹೇಳಿದ್ದರು. ಹರಿಯದೆ ಸುಮ್ಮನಿರುವ ನೀರಿನಲ್ಲೂ ಅಣುಗಳು ಅತ್ತಿತ್ತ ಅಲೆದಾಡುತ್ತವಲ್ಲ, ಆ ಅಲೆದಾಟವೂ ಪ್ರತಿಧ್ವನಿಯನ್ನು ಕುಗ್ಗಿಸುತ್ತೆ ಅಂತ. 1965ರಲ್ಲಿ ಸ್ಟೆಜ್‌ಸ್ಕಾಲ್ ಮತ್ತು ಟ್ಯಾನರ್ ಆ ಅಲೆದಾಟವನ್ನು ಅಳೆಯುವ ಪಕ್ಕಾ ವಿಧಾನ ಕೊಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ನರದ ಕಥೆಗೆ ಬೇಕು.

ಎಂಆರ್‌ಐ ಹುಟ್ಟಿದ ಕಥೆಯನ್ನು ಬೇಗ ಹೇಳಿಬಿಡ್ತೀನಿ, ಎಷ್ಟೋ ಜನಕ್ಕೆ ಗೊತ್ತು. 1973ರಲ್ಲಿ ಪಾಲ್ ಲಾಟರ್ಬರ್ ಎರಡು ಸಣ್ಣ ನೀರಿನ ಕೊಳವೆಗಳ ಚಿತ್ರ ಪ್ರಕಟಿಸಿದರು. 1977ರಲ್ಲಿ ರೇಮಂಡ್ ಡಮಾಡಿಯನ್ ತಂಡ ಮನುಷ್ಯನ ಎದೆಯ ಚಿತ್ರ ತೆಗೆಯಿತು, ಸುಮಾರು ಐದು ಗಂಟೆ ಹಿಡಿಯಿತು. ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ವೇಗ ಮಾಡುವ ಗಣಿತ ಕೊಟ್ಟರು. 2003ರ ನೊಬೆಲ್ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ ಹೋಯ್ತು, ಡಮಾಡಿಯನ್ ಕಡೆಯವರು ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ದೆಹಲಿಯ ಇನ್ಮಾಸ್ ಸಂಸ್ಥೆಗೆ ಯಂತ್ರ ಬಂತು. ಅಲ್ಲಿಂದ ನಮ್ಮ ದೇಶದಲ್ಲೂ ಡಿಸ್ಕಿನ ಚಿತ್ರಗಳ ಕಾಲ.

ಗಸಗಸೆ ಎಣ್ಣೆ ಬೇಡ, ಸೂಜಿ ಬೇಡ, ಡಿಸ್ಕ್ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅತಿಯಾಗೇ ಕಂಡಿತು. 1994ರಲ್ಲಿ ಅಮೆರಿಕದ ಜೆನ್ಸನ್ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದರು. ಅವರಲ್ಲಿ ಶೇಕಡಾ 52 ಜನಕ್ಕೆ ಕನಿಷ್ಠ ಒಂದು ಡಿಸ್ಕ್ ಬಲ್ಜ್ ಇತ್ತು. ಶೇಕಡಾ 27 ಜನಕ್ಕೆ ಅದಕ್ಕಿಂತ ಮುಂದಿನ ಹಂತದ ಪ್ರೊಟ್ರೂಷನ್. ಎಲ್ಲ ಡಿಸ್ಕೂ ಸರಿಯಿದ್ದವರು ಶೇಕಡಾ 36 ಮಾತ್ರ. ನೋವಿಲ್ಲದವರ ಸ್ಥಿತಿ ಇದು! ಹಾಗಂತ ವರದಿಯನ್ನು ಬಿಸಾಕಬೇಕು ಅಂತಲ್ಲ. ಕೂರುವ ಜಾಗ, ತೊಡೆಯ ಒಳಭಾಗ ಮರಗಟ್ಟಿದರೆ, ಮೂತ್ರ ಬಾರದೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಪಾದ ಎತ್ತೋಕೇ ಆಗದಿದ್ದರೆ, ಅದು ಕಾಯುವ ವಿಷಯವೇ ಅಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಮಾತನ್ನು ವಿಡಿಯೋದಲ್ಲೂ ಎರಡು ಸಲ ಹೇಳಿದ್ದೀನಿ, ಇಲ್ಲೂ ಹೇಳ್ತೀನಿ. ಆದರೆ ಬರೀ ‘ಬಲ್ಜ್’ ಅನ್ನೋ ಪದ ಓದಿ ನಿದ್ದೆಗೆಡುವವರು ಆ 98 ಜನರನ್ನು ನೆನಪಿಸಿಕೊಳ್ಳಬಹುದು.

ಜೆನ್ಸನ್ ಪ್ರಬಂಧಕ್ಕೆ ಒಂದು ವರ್ಷ ಮುಂಚೆ, 1993ರಲ್ಲಿ, ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಏರಾನ್ ಫಿಲ್ಲರ್ ಮತ್ತು ಸಂಗಡಿಗರ ಪ್ರಬಂಧ ಬಂದಿತ್ತು. ಹೆಸರು ಮ್ಯಾಗ್ನೆಟಿಕ್ ರೆಸೊನೆನ್ಸ್ ನ್ಯೂರೋಗ್ರಫಿ. ಅದಕ್ಕೂ ಮುಂಚೆ ಮೊಲದ ಕಾಲಿನ ಮೇಲೆ ಪ್ರಯೋಗ ನಡೆದಿತ್ತು. ಈಗ ಮನುಷ್ಯರ ನರದ ಚಿತ್ರ.

ಅಲ್ಲಿಯ ತನಕ ಎಂಆರ್‌ಐನಲ್ಲಿ ನರ ಯಾಕೆ ಸರಿಯಾಗಿ ಕಾಣ್ತಿರಲಿಲ್ಲ ಅಂದ್ರೆ, ನರ ಕೊಬ್ಬಿನ ನಡುವೆ ಹುದುಗಿರುತ್ತೆ. ಕೊಬ್ಬು ಬೆಳ್ಳಗೆ ಹೊಳೆಯುತ್ತೆ. ಪಕ್ಕದಲ್ಲೇ ರಕ್ತನಾಳ, ಅದೂ ಅದೇ ಗಾತ್ರ. ದೀಪಾವಳಿ ರಾತ್ರಿ ಬೀದಿ ತುಂಬಾ ದೀಪ ಇರುವಾಗ ಒಂದು ಮಿಂಚುಹುಳ ಹುಡುಕಿದ ಹಾಗೆ. ಫಿಲ್ಲರ್ ತಂಡದವರು ಬೇರೆ ದೀಪಗಳನ್ನು ಒಂದೊಂದಾಗಿ ಆರಿಸಿದರು. ಮೊದಲು ಕೊಬ್ಬಿನ ಸಂಕೇತವನ್ನು ಅಡಗಿಸಿದರು. ಆಮೇಲೆ ಪ್ರತಿಧ್ವನಿಗೆ ಬೇಕೆಂದೇ ಹೆಚ್ಚು ಹೊತ್ತು ಕಾದರು, ಅಷ್ಟರಲ್ಲಿ ಸ್ನಾಯುವಿನ ಸಂಕೇತ ಮಂಕಾಗುತ್ತೆ, ನರದ ಒಳಗಿನ ದ್ರವದ್ದು ಉಳಿಯುತ್ತೆ. ಮೂರನೆಯದಾಗಿ ಹಾನ್ ಕಂಡಿದ್ದ ನೀರಿನ ಆ ಅಲೆದಾಟವನ್ನೂ ಬಳಸಿಕೊಂಡರು. ಕತ್ತಲಲ್ಲಿ ನರ ಒಂಟಿಯಾಗಿ ಹೊಳೆಯಿತು. ಒಳಗಿನ ಕಟ್ಟುಗಳೂ ಕಂಡವು. ವಾಲರ್ ಕಪ್ಪೆ ಕತ್ತರಿಸಿ 143 ವರ್ಷ ಆಗಿತ್ತು.

ಹೀಗೆ ತೆಗೆದ ಚಿತ್ರದಲ್ಲಿ ಒತ್ತಡಕ್ಕೆ ಸಿಕ್ಕ ನರ ತಾನೇ ದೂರು ಹೇಳುತ್ತೆ. ಇಕ್ಕಟ್ಟಿನ ಜಾಗಕ್ಕಿಂತ ಸ್ವಲ್ಪ ಮೇಲೆ ಊದಿಕೊಂಡು ಹೆಚ್ಚು ಬೆಳ್ಳಗಿರುತ್ತೆ, ಇಕ್ಕಟ್ಟಿನಲ್ಲಿ ಚಪ್ಪಟೆಯಾಗಿರುತ್ತೆ. ಅದರ ಜೊತೆ ಇನ್ನೊಂದು ಸಾಕ್ಷಿ ಸಿಕ್ಕಿತು, ನನಗಂತೂ ಇದೇ ಹೆಚ್ಚು ಉಪಯೋಗದ್ದು ಅನ್ಸುತ್ತೆ. ಎಳೆಗಳು ಸತ್ತರೆ ಆ ನರ ನೋಡಿಕೊಳ್ಳುತ್ತಿದ್ದ ಸ್ನಾಯುವೂ ಕೆಲವೇ ದಿನಗಳಲ್ಲಿ ಬೆಳ್ಳಗಾಗುತ್ತೆ. ಇಎಂಜಿ ಸೂಜಿಗೆ ಬೇಕಾದ ಎರಡು ಮೂರು ವಾರ ಕಾಯಬೇಕಿಲ್ಲ. ನರ ವಾಪಸ್ ಬಂದು ಸೇರಿಕೊಂಡರೆ ಆ ಬಿಳುಪು ನಿಧಾನಕ್ಕೆ ಇಳಿಯುತ್ತೆ. ಬಾರದೇ ಹೋದರೆ ಸ್ನಾಯು ಸೊರಗಿ ಅಲ್ಲಿ ಕೊಬ್ಬು ತುಂಬುತ್ತೆ. ಸೆಡನ್‌ಗೆ ಕಾದು ನೋಡಿದರೆ ಮಾತ್ರ ತಿಳಿಯುತ್ತಿದ್ದ ಮೊದಲ ಬಗೆ, ಎರಡನೇ ಬಗೆಯ ವ್ಯತ್ಯಾಸಕ್ಕೆ ಇದು ಮೊದಲ ವಾರದಲ್ಲೇ ಒಂದು ಸುಳಿವು. ಮೊದಲ ಬಗೆಯಲ್ಲಿ ಎಳೆ ಸತ್ತಿರೋದಿಲ್ಲ, ಹಾಗಾಗಿ ಸ್ನಾಯು ಬೆಳ್ಳಗಾಗೋದಿಲ್ಲ.

ಮುಂದಿನ ಹೆಜ್ಜೆ ಡಿಟಿಐ, ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್. ಫ್ರಾನ್ಸಿನ ಡೆನಿಸ್ ಲ ಬಿಹಾನ್ 1980ರ ದಶಕದ ಮಧ್ಯದಲ್ಲಿ ನೀರಿನ ಅಲೆದಾಟದ ಚಿತ್ರಗಳನ್ನು ತೆಗೆದಿದ್ದರು. 1994ರಲ್ಲಿ ಅಮೆರಿಕದ ಪೀಟರ್ ಬಾಸರ್ ಮತ್ತು ಸಂಗಡಿಗರು, ಲ ಬಿಹಾನ್ ಕೂಡ ಅದರಲ್ಲಿದ್ದರು, ಅದಕ್ಕೆ ದಿಕ್ಕಿನ ಗಣಿತ ಕೊಟ್ಟರು. ಉತ್ತ ಹೊಲಕ್ಕೆ ನೀರು ಬಿಟ್ಟರೆ ಅದು ಸಾಲಿನುದ್ದಕ್ಕೂ ಸರಾಗವಾಗಿ ಹೋಗುತ್ತೆ, ಸಾಲು ದಾಟಿ ಅಡ್ಡ ಹೋಗೋಕೆ ಒದ್ದಾಡುತ್ತೆ. ಆರೋಗ್ಯವಾದ ನರದಲ್ಲಿ ನೀರಿನ ಅಣುಗಳ ಪಾಡೂ ಅದೇ. ಎಳೆಗಳುದ್ದಕ್ಕೂ ಸಲೀಸು, ಅಡ್ಡಕ್ಕೆ ಕಷ್ಟ. ಕನಿಷ್ಠ ಆರು ದಿಕ್ಕುಗಳಲ್ಲಿ ಅಳೆದರೆ ಈ ಪಕ್ಷಪಾತವನ್ನು 0ಯಿಂದ 1ರ ನಡುವಿನ ಒಂದು ಅಂಕಿಗೆ ಇಳಿಸಬಹುದು. ಎಫ್‌ಎ ಅಂತಾರೆ, ಫ್ರಾಕ್ಷನಲ್ ಅನೈಸೊಟ್ರೊಪಿ. ಎಲ್ಲ ದಿಕ್ಕೂ ಒಂದೇ ಆದರೆ 0. ನರ ಒತ್ತಿಸಿಕೊಂಡು ಊದಿದಾಗ, ಮಯಲಿನ್ ಕೆಟ್ಟಾಗ, ಎಳೆ ಹರಿದಾಗ ಸಾಲುಗಳು ಕಲಸಿಹೋಗುತ್ತವೆ, ಎಫ್‌ಎ ಇಳಿಯುತ್ತೆ. ಕಾರ್ಪಲ್ ಟನಲ್ ಇರುವವರ ಮೀಡಿಯನ್ ನರದಲ್ಲಿ, ಡಿಸ್ಕ್ ಒತ್ತಿದ ಸೊಂಟದ ನರಬೇರುಗಳಲ್ಲಿ ಇದನ್ನು ಹಲವು ತಂಡಗಳು ತೋರಿಸಿವೆ.

ಚೇತರಿಕೆ? 2009ರಲ್ಲಿ ಜಪಾನಿನ ಸಂಶೋಧಕರು ಇಲಿಗಳ ಸಯಾಟಿಕ್ ನರಕ್ಕೆ ಪೆಟ್ಟು ಕೊಟ್ಟು ವಾರಗಟ್ಟಲೆ ಡಿಟಿಐ ತೆಗೆದರು. ಪೆಟ್ಟಾದ ಮೇಲೆ ಎಫ್‌ಎ ಬಿತ್ತು, ಎಳೆಗಳು ಮತ್ತೆ ಬೆಳೆದಂತೆ ಏರಿತು, ಆ ಏರಿಕೆ ಸೂಕ್ಷ್ಮದರ್ಶಕದಲ್ಲಿ ಕಂಡ ಎಳೆಗಳ ಲೆಕ್ಕಕ್ಕೆ ಹೊಂದಿಕೆಯಾಯ್ತು. ಟಿನೆಲ್ ಬೆರಳಿನಿಂದ ತಟ್ಟಿ ಹುಡುಕಿದ್ದನ್ನು ಅಂಕಿಯಲ್ಲಿ ಓದಬಹುದು ಅನ್ನೋ ಆಸೆ ಹುಟ್ಟಿದ್ದು ಇಂಥ ಕೆಲಸಗಳಿಂದ.

ಇಲ್ಲಿ ನಮ್ಮ ವೃತ್ತಿಯವರಿಗೆ ಒಂದು ಎಚ್ಚರಿಕೆ, ಏಕೆಂದರೆ ನಾವು ಡ್ಯಾಶ್‌ಬೋರ್ಡಿಗೆ ಬೇಗ ಮರುಳಾಗ್ತೀವಿ. ಡಿಟಿಐ ಜೊತೆ ಬರುವ ಬಣ್ಣಬಣ್ಣದ ಎಳೆಗಳ ಚಿತ್ರ, ಟ್ರಾಕ್ಟೋಗ್ರಫಿ, ನರದ ಫೋಟೋ ಅಲ್ಲ. ಸಾಫ್ಟ್‌ವೇರ್ ಲೆಕ್ಕ ಹಾಕಿ ಎಳೆದ ಗೆರೆಗಳು. ನರದ ಒಂದು ಎಳೆ ಕೆಲವೇ ಮೈಕ್ರಾನ್ ದಪ್ಪ. ಎಂಆರ್‌ಐನ ಒಂದು ಪಿಕ್ಸೆಲ್ಲು ಮಿಲಿಮೀಟರ್ ಲೆಕ್ಕದ್ದು, ಅದರೊಳಗೆ ಸಾವಿರಾರು ಎಳೆಗಳ ಸರಾಸರಿ ಇರುತ್ತೆ. ಗೆರೆ ತುಂಡಾಗಿ ಕಂಡರೆ ನರ ತುಂಡಾಗಿದೆ ಅಂತಲ್ಲ, ಥ್ರೆಶೋಲ್ಡ್ ಬದಲಾಯಿಸಿದರೆ ಗೆರೆಯೂ ಬದಲಾಗುತ್ತೆ. ಎಫ್‌ಎ ವಯಸ್ಸಾದಂತೆ ತಾನಾಗಿಯೂ ಇಳಿಯುತ್ತೆ, ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಬರುತ್ತೆ. ಆದ್ದರಿಂದ ಪುಣೆಯ ಒಂದು ಸೆಂಟರಿನ ಅಂಕಿಯನ್ನು ಬೆಂಗಳೂರಿನ ಇನ್ನೊಂದು ಸೆಂಟರಿನ ಅಂಕಿಗೆ ಹೋಲಿಸಿ ಹೆದರೋದಕ್ಕೂ ಅರ್ಥವಿಲ್ಲ, ಖುಷಿಪಡೋದಕ್ಕೂ ಅರ್ಥವಿಲ್ಲ. ಅದೇ ಯಂತ್ರದಲ್ಲಿ, ಅದೇ ಸೆಟ್ಟಿಂಗಿನಲ್ಲಿ, ಅದೇ ವ್ಯಕ್ತಿಯ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಮಾತ್ರ ಅದು ಮಾತಾಡುತ್ತೆ. ಮನುಷ್ಯರಲ್ಲಿ ಆಪರೇಷನ್ ಮುಂಚೆ, ಆಮೇಲೆ ಅಂತ ಹೀಗೆ ಅಳೆದ ಅಧ್ಯಯನಗಳು ಬಹುಪಾಲು ಸಣ್ಣವು. ಅದಕ್ಕೇ ಸಾಧಾರಣ ಬೆನ್ನುನೋವಿಗೆ ಯಾರೂ ಇದನ್ನು ಬರೆದುಕೊಡೋದಿಲ್ಲ.

ಬೇಕಾಗುವ ಜಾಗಗಳಿವೆ. ಬೈಕಿನಿಂದ ಬಿದ್ದು ಭುಜದ ಹತ್ತಿರದ ನರಜಾಲ, ಬ್ರೇಕಿಯಲ್ ಪ್ಲೆಕ್ಸಸ್, ಹರಿದುಕೊಂಡ ಹುಡುಗರು ನಮ್ಮ ದೇಶದ ಆಸ್ಪತ್ರೆಗಳಿಗೆ ಬರ್ತಾನೇ ಇರ್ತಾರೆ. ನರ ಬೆನ್ನುಹುರಿಯಿಂದ ಬೇರುಸಹಿತ ಕಿತ್ತುಬಂದಿದ್ದರೆ ಅದು ತಾನಾಗಿ ಕೂಡುವ ಪ್ರಶ್ನೆಯೇ ಇಲ್ಲ. ಬೇರೆ ನರವನ್ನು ತಂದು ಜೋಡಿಸಬೇಕು, ಅದನ್ನೂ ಮೊದಲ ಆರು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ಎಳೆದುಕೊಂಡಿದೆ ಅಷ್ಟೇ ಅಂತಾದರೆ ಕಾಯಬಹುದು. ಈ ಎರಡರ ನಡುವೆ ತೀರ್ಮಾನ ಮಾಡುವಾಗ ನ್ಯೂರೋಗ್ರಫಿ ನಿಜಕ್ಕೂ ಒಂದು ಕೈಯ ಹಣೆಬರಹವನ್ನೇ ಬದಲಾಯಿಸಬಹುದು.

ಡಿಸ್ಕಿನ ವಿಷಯಕ್ಕೆ ವಾಪಸ್ ಬಂದರೆ, ನೆದರ್ಲೆಂಡ್ಸಿನ ಒಂದು ಅಧ್ಯಯನವನ್ನು ಹೇಳದೆ ಇರೋಕಾಗಲ್ಲ. ತೀವ್ರ ಸಯಾಟಿಕಾ ಇದ್ದ 283 ಜನರಲ್ಲಿ ಅರ್ಧ ಜನಕ್ಕೆ ಬೇಗ ಆಪರೇಷನ್, ಉಳಿದವರಿಗೆ ಕಾಯುವುದು, ತೀರಾ ಬೇಕಾದರೆ ಮಾತ್ರ ಆಪರೇಷನ್ ಅಂತ ಚೀಟಿ ಎತ್ತಿದಂತೆ ಹಂಚಿದರು. 2007ರಲ್ಲಿ ಫಲ ಪ್ರಕಟವಾಯ್ತು. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು, ಇದು ಸಣ್ಣ ಲಾಭವಲ್ಲ. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪಿನಲ್ಲಿ ಸುಮಾರು ಶೇಕಡಾ 95 ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನ ಶೇಕಡಾ 39 ಜನ ಅಷ್ಟರೊಳಗೆ ಆಪರೇಷನ್ ಮಾಡಿಸಿಕೊಂಡಿದ್ದರು ಅನ್ನೋದನ್ನೂ ಹೇಳಬೇಕು. ಆಮೇಲೆ ಅದೇ ರೋಗಿಗಳ ಒಂದು ವರ್ಷದ ಎಂಆರ್‌ಐಗಳನ್ನು ನೋಡಿ 2013ರಲ್ಲಿ ಇನ್ನೊಂದು ಪ್ರಬಂಧ ಬಂತು. ಚೆನ್ನಾಗಿ ಗುಣವಾದವರಲ್ಲಿ ಶೇಕಡಾ 35 ಜನಕ್ಕೆ ಡಿಸ್ಕ್ ಇನ್ನೂ ಹೊರಗೇ ಕಾಣ್ತಿತ್ತು. ಗುಣವಾಗದವರಲ್ಲಿ ಶೇಕಡಾ 33. ಅಂದರೆ ಚಿತ್ರ ನೋಡಿ ಯಾರಿಗೆ ಗುಣವಾಗಿದೆ, ಯಾರಿಗಿಲ್ಲ ಅಂತ ಹೇಳೋಕೆ ಸಾಧ್ಯವೇ ಇರಲಿಲ್ಲ. ನೋವು ಹೋದ ಮೇಲೂ ‘ಒಳಗೆ ಹೇಗಿದೆ ನೋಡಿಬಿಡೋಣ’ ಅಂತ ಮತ್ತೊಂದು ಎಂಆರ್‌ಐ ಮಾಡಿಸೋಕೆ ಹೊರಟವರು ನಿಮ್ಮ ಟೀಮಿನಲ್ಲಿ ಇದ್ದರೆ, ಈ ಎರಡು ಅಂಕಿ ತೋರಿಸಿ, ಡಾಕ್ಟರನ್ನು ಕೇಳಿ ಮುಂದುವರಿಯೋಕೆ ಹೇಳಿ.

ಇನ್ನು ಬೆಳವಣಿಗೆಯ ವೇಗ ಮಾತ್ರ ಯಾವ ಯಂತ್ರ ಬಂದರೂ ಬದಲಾಗಿಲ್ಲ. ದಿನಕ್ಕೆ 1 ಮಿಲಿಮೀಟರ್ ಅಂದರೆ ತಿಂಗಳಿಗೆ ಮೂರು ಸೆಂಟಿಮೀಟರ್. ಮಣಿಕಟ್ಟಿನಿಂದ ಹೆಬ್ಬೆರಳ ಬುಡಕ್ಕೆ ಎರಡು ಮೂರು ತಿಂಗಳು. ಸೊಂಟದಿಂದ ಪಾದಕ್ಕೆ ಎರಡು ವರ್ಷದ ಮೇಲೆ. ನರದ ಸಂಪರ್ಕ ತಪ್ಪಿದ ಸ್ನಾಯು ಹನ್ನೆರಡರಿಂದ ಹದಿನೆಂಟು ತಿಂಗಳ ಮೇಲೆ ಹೊಸ ನರವನ್ನು ಸೇರಿಸಿಕೊಳ್ಳೋದು ಕಷ್ಟ. ಸರ್ಜನ್‌ಗಳು ಗಡಿಯಾರ ನೋಡೋದು ಈ ಲೆಕ್ಕದ ಮೇಲೆ. 3 ಟೆಸ್ಲಾ ಯಂತ್ರ ಪಕ್ಕದ ಕೋಣೆಯಲ್ಲಿ ಗುಡುಗುತ್ತಿದ್ದರೂ, ಫಾಲೋಅಪ್‌ಗೆ ಬಂದ ರೋಗಿಯ ಕೈಯನ್ನು ಮೇಜಿನ ಮೇಲೆ ಚಾಚಿಸಿ, 1915ರ ಹಾಗೇ ಬೆರಳಿನಿಂದ ತಟ್ಟುತ್ತಾ, ಜುಮ್ ಅಂದ ಜಾಗ ಹೋದ ತಿಂಗಳಿಗಿಂತ ಎಷ್ಟು ಮುಂದೆ ಬಂದಿದೆ ಅಂತ ಅಳತೆಪಟ್ಟಿ ಹಿಡಿದು ಕೇಸ್ ಶೀಟಿನಲ್ಲಿ ಬರೆದುಕೊಳ್ತಾರೆ.